ಎಕ್ಮೋದಲ್ಲಿ ರಕ್ತಸ್ರಾವ ಆಗ್ತಿದೆ, ಟ್ರಯಲ್‌ಗೆ ಸೇರಿಸಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ:

ನಮ್ಮಣ್ಣನಿಗೆ 41 ವರ್ಷ. ಜ್ವರ ಅಂತ ಶುರುವಾಗಿದ್ದು ನ್ಯುಮೋನಿಯಾ ಆಯ್ತು. ವೆಂಟಿಲೇಟರ್ ಹಾಕಿದರೂ ಆಕ್ಸಿಜನ್ ಏರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಮೋಗೆ (ರಕ್ತವನ್ನು ಮೈಯಿಂದ ಹೊರಗೆ ತಂದು, ಆಕ್ಸಿಜನ್ ಸೇರಿಸಿ ವಾಪಸ್ ಕಳಿಸೋ ಮಷೀನ್) ಹಾಕಿ ಇವತ್ತಿಗೆ ಒಂಬತ್ತು ದಿನ. ನಿನ್ನೆಯಿಂದ ಮೂಗಲ್ಲಿ, ಕುತ್ತಿಗೆಯ ಪೈಪಿನ ಸುತ್ತ ರಕ್ತ ಒಸರ್ತಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡ್ತಿದ್ದ ಹೆಪಾರಿನ್ ಔಷಧ ನಿಲ್ಲಿಸಿದ್ದಾರೆ. ನಿಲ್ಲಿಸಿದರೆ ಮಷೀನ್ ಒಳಗೆ ರಕ್ತ ಹೆಪ್ಪುಗಟ್ಟಬಹುದು ಅಂತಲೂ ಹೇಳ್ತಾರೆ. ಬಾವ "ಇಂಥದ್ದಕ್ಕೆ ಎಲ್ಲಾದ್ರೂ ಟ್ರಯಲ್ ನಡೀತಿರುತ್ತೆ, ಹುಡುಕು" ಅಂತಾರೆ. ದೊಡ್ಡಪ್ಪ "ನಮ್ಮ ಹುಡುಗನ ಮೇಲೆ ಪ್ರಯೋಗ ಮಾಡಿಸಬೇಡ" ಅಂತಾರೆ. ಅತ್ತಿಗೆ ಮಾತೇ ಆಡ್ತಿಲ್ಲ. ಓಡಾಡೋಳು ನಾನೊಬ್ಬಳೇ. ಎಲ್ಲಿ ಹುಡುಕಲಿ? ಸೇರಿಸೋದು ಒಳ್ಳೇದಾ?

ಉತ್ತರ, ಮೈಸೂರಿನಿಂದ:

ತಂಗಿ, ಮೊದಲು ಏನಾದರೂ ತಿಂದು ಬಾ. ನಮ್ಮ ಯಜಮಾನರು 2021ರಲ್ಲಿ ಕೋವಿಡ್‌ನಿಂದ ಹದಿನೇಳು ದಿನ ಎಕ್ಮೋದಲ್ಲಿದ್ದರು. ಹಿಂದಿನ ವರ್ಷವಷ್ಟೇ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಸುದ್ದಿಯಲ್ಲಿ ಆ ಪದ ಕೇಳಿದ್ದೆವು. ಹಾಗಾಗಿ ಡಾಕ್ಟರ್ ಎಕ್ಮೋ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು.

ಹತ್ತಿರ ಬಿಟ್ಟ ದಿನ ನೋಡಿದ್ದು ಇನ್ನೂ ಕಣ್ಣಲ್ಲಿದೆ. ತೊಡೆಸಂದಿನಿಂದ ಹೊರಟ ಪೈಪಿನಲ್ಲಿ ನೇರಳೆಹಣ್ಣಿನ ಬಣ್ಣದ ರಕ್ತ, ಕುತ್ತಿಗೆಗೆ ವಾಪಸ್ ಹೋಗೋ ಪೈಪಿನಲ್ಲಿ ದಾಸವಾಳದ ಕೆಂಪು. ನರ್ಸಮ್ಮ ಗಂಟೆಗೊಂದು ಸಲ ಟಾರ್ಚ್ ಹಿಡಿದು, ರಕ್ತಕ್ಕೆ ಆಕ್ಸಿಜನ್ ಸೇರಿಸೋ ಆಕ್ಸಿಜನೇಟರ್ ಡಬ್ಬಿಯ ಮೂಲೆ ಮೂಲೆ ನೋಡೋರು. ಏನಮ್ಮ ಹುಡುಕ್ತೀರಿ ಅಂದೆ. "ಕಪ್ಪು ಚುಕ್ಕೆ, ಬಿಳಿ ದಾರದ ಥರ ಏನಾದ್ರೂ ಕಂಡರೆ ಹೆಪ್ಪುಗಟ್ತಿದೆ ಅಂತ" ಅಂದರು. ಐದನೇ ದಿನದ ಹೊತ್ತಿಗೆ ನನಗೂ ಆ ಚುಕ್ಕೆ ಗುರುತು ಹಿಡಿಯೋಕೆ ಬಂತು.

ನಾನೂ ನಿನ್ನ ಹಾಗೆ ರಾತ್ರಿಯೆಲ್ಲ ಟ್ರಯಲ್ ಹುಡುಕಿದ್ದೆ. ಮೂರು ರಾತ್ರಿ ಹೋಯಿತು, ಸಿಕ್ಕಿದ್ದು ಏನೂ ಇಲ್ಲ. ಕೈ ಹಿಡಿದದ್ದು ಒಂದು ನೋಟ್‌ಬುಕ್. ದಿನಾ ಬೆಳಿಗ್ಗೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಮಷೀನ್ ಫ್ಲೋ (ಅದರಲ್ಲಿ ರಕ್ತ ಹರಿಯೋ ವೇಗ), ಹೆಪಾರಿನ್ ಎಷ್ಟು, ಎಷ್ಟು ಬಾಟಲಿ ರಕ್ತ ಹೋಯಿತು, ಇಷ್ಟು ಬರೆದುಕೊಳ್ಳುತ್ತಿದ್ದೆ. ನೋಟ್‌ಬುಕ್ ನೋಡಿದ ಮೇಲೆ ಡಾಕ್ಟರು ನನ್ನ ಜೊತೆ ಮಾತಾಡೋ ರೀತಿಯೇ ಬೇರೆಯಾಯಿತು. ನಿಂತು, ಬಿಡಿಸಿ ಹೇಳೋರು. ನೀನೂ ಇವತ್ತೇ ಶುರು ಮಾಡು.

ಉತ್ತರ, ಬೆಂಗಳೂರಿನಿಂದ (ಎಕ್ಮೋ ಐಸಿಯುನಲ್ಲಿ ಎಂಟು ವರ್ಷದಿಂದ ನರ್ಸ್):

ಮೇಡಂ, ನಿಮ್ಮಣ್ಣನನ್ನು ನೋಡದೆ ಚಿಕಿತ್ಸೆ ಬಗ್ಗೆ ಹೇಳೋದು ತಪ್ಪು, ಹೇಳಲ್ಲ. ಆದರೆ ಎಲ್ಲ ಕುಟುಂಬದವರೂ ಕೇಳೋ ಪ್ರಶ್ನೆ ಇದು, ಅದಕ್ಕೆ ವಿವರವಾಗಿ ಬರೀತೀನಿ.

ಹೆಪಾರಿನ್ ನಿಲ್ಲಿಸಿದರೂ ರಕ್ತ ಯಾಕೆ ನಿಲ್ತಿಲ್ಲ ಅಂದರೆ, ತಪ್ಪೆಲ್ಲ ಹೆಪಾರಿನ್‌ದಲ್ಲ. ಪಂಪ್ ರಭಸಕ್ಕೆ ವಾನ್ ವಿಲ್ಲೆಬ್ರಾಂಡ್ ಅನ್ನೋ ಪ್ರೋಟೀನ್ ತುಂಡಾಗುತ್ತೆ. ಗಾಯಕ್ಕೆ ಪ್ಲೇಟ್‌ಲೆಟ್ ಅಂಟಿಸೋದೇ ಅದು. ಪ್ಲೇಟ್‌ಲೆಟ್ಟೂ ಸವೆಯುತ್ತೆ. ಆ ಕಡೆ ಪ್ಲಾಸ್ಟಿಕ್ ಪೈಪಿಗೆ ತಾಗಿದ ರಕ್ತ ಹೆಪ್ಪುಗಟ್ಟೋಕೆ ನೋಡುತ್ತೆ. ಒಂದೇ ರೋಗಿಗೆ ಒಂದೇ ದಿನ ಎರಡೂ ಆಗಬಹುದು. ಶ್ವಾಸಕೋಶಕ್ಕೆ ಮಾತ್ರ ಆಸರೆ ಕೊಡೋ ವಿವಿ ಎಕ್ಮೋದಲ್ಲಿ ಫ್ಲೋ ಚೆನ್ನಾಗಿದ್ದರೆ ಹೆಪಾರಿನ್ ಇಲ್ಲದೆ ಕೆಲವು ದಿನ ನಡೆಸೋದು ಉಂಟು. ಹಾಗಾಗಿ "ನಿಲ್ಲಿಸಿಬಿಟ್ಟರು" ಅಂತ ಗಾಬರಿ ಬೇಡ.

ಇನ್ನು ಟ್ರಯಲ್. ಇದೇ ಸಂಕಟಕ್ಕೆ ಜಗತ್ತಿನಲ್ಲಿ ಕೆಲಸ ನಡೆದಿದೆ. ಇಟಲಿಯಲ್ಲಿ, ಹೆಪಾರಿನ್ ಕೆಲಸ ಮಾಡೋಕೆ ಬೇಕಾದ ಆಂಟಿಥ್ರಾಂಬಿನ್ ಅನ್ನೋ ರಕ್ತದ ಪ್ರೋಟೀನ್ ತುಂಬಿಸಿದರೆ ಹೆಪಾರಿನ್ ಕಡಿಮೆ ಸಾಕಾಗಬಹುದು ಅಂತ 48 ವಿವಿ ಎಕ್ಮೋ ರೋಗಿಗಳಲ್ಲಿ ನೋಡಿದರು, ಗಾಟ್ರಾ ಅಂತ ಹೆಸರು. ಹೆಪಾರಿನ್ನೂ ಕಡಿಮೆಯಾಗಲಿಲ್ಲ, ರಕ್ತಸ್ರಾವವೂ ಕಡಿಮೆಯಾಗಲಿಲ್ಲ. ನೆದರ್‌ಲ್ಯಾಂಡ್ಸ್‌ನವರು ರೇಟ್ ಅನ್ನೋ ಟ್ರಯಲ್‌ನಲ್ಲಿ ಪೂರ್ತಿ ಪ್ರಮಾಣದ ಹೆಪಾರಿನ್, ಕಡಿಮೆ ಪ್ರಮಾಣದ್ದು, ಚರ್ಮದಡಿ ಕೊಡೋ ಬೇರೆ ಬಗೆಯ ಹೆಪಾರಿನ್, ಈ ಮೂರನ್ನು ಹೋಲಿಸೋಕೆ ಹೊರಟರು. ಫ್ರಾನ್ಸ್‌ನಲ್ಲಿ ಹೃದಯಕ್ಕಾಗಿ ಎಕ್ಮೋ ಹಾಕಿದವರ ಮೈ ಬಿಸಿಯನ್ನು 33–34 ಡಿಗ್ರಿಗೆ ಇಳಿಸಿ ನೋಡಿದರು. 30 ದಿನದ ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ನನಗೆ ಕಣ್ಣು ತೆರೆಸಿದ್ದು 2023ರಲ್ಲಿ ಬಂದ ಇಸಿಎಲ್‌ಎಸ್-ಶಾಕ್ ಅನ್ನೋ ಟ್ರಯಲ್. ಹಾರ್ಟ್ ಅಟ್ಯಾಕ್ ಆಗಿ ಬಿಪಿ ಬಿದ್ದ 420 ಜನರನ್ನು ಸೇರಿಸಿಕೊಂಡಿದ್ದರು. ಒಂದು ಗುಂಪಿಗೆ ಬೇಗ ಎಕ್ಮೋ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. 30 ದಿನದಲ್ಲಿ ತೀರಿಕೊಂಡವರು 47.8% ಮತ್ತು 49%, ಹೆಚ್ಚುಕಡಿಮೆ ಒಂದೇ. ಗಣನೀಯ ರಕ್ತಸ್ರಾವ ಮಾತ್ರ ಎಕ್ಮೋ ಗುಂಪಿನಲ್ಲಿ 23.4%, ಇನ್ನೊಂದರಲ್ಲಿ 9.6%. ಕಾಲಿನ ರಕ್ತನಾಳದ ತೊಂದರೆ 11%, ಇನ್ನೊಂದರಲ್ಲಿ 3.8%. ನಾವು ದಿನಾ ಕೈಯಾರೆ ಮಾಡೋ ಕೆಲಸದ ಬಗ್ಗೆ ಇಂಥ ಅಂಕಿ ಓದೋಕೆ ಕಷ್ಟವಾಯಿತು. ಆದರೆ ಹೋಲಿಸಿ ನೋಡದೇ ಇದ್ದಿದ್ದರೆ ಇದು ತಿಳೀತಾನೇ ಇರಲಿಲ್ಲ. ನಿಮ್ಮಣ್ಣನದು ಶ್ವಾಸಕೋಶದ ಕೇಸು, ಈ ಅಂಕಿ ಅವರಿಗೆ ಅನ್ವಯಿಸಬೇಡಿ.

ನಿಮಗೆ ಬೇಕಾದ ನೇರ ಉತ್ತರ: ಇಂಥ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ಎಕ್ಮೋ ಹಾಕಿದ ಮೊದಲ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ, ಅದೇ ಆಸ್ಪತ್ರೆಯಲ್ಲಿ ಸೇರಿಸಿಕೊಳ್ತಾರೆ. ಒಂಬತ್ತನೇ ದಿನ, ರಕ್ತ ಹೋಗ್ತಿರೋವಾಗ, ಹೊರಗಿಂದ ಸೇರಿಸಿಕೊಳ್ಳೋದು ತೀರಾ ಅಪರೂಪ. ಟ್ರಯಲ್‌ಗೋಸ್ಕರ ಎಕ್ಮೋ ಸಮೇತ ಬೇರೆ ಊರಿಗೆ ಸಾಗಿಸೋ ಯೋಚನೆ ಬಾವ ಹೇಳಿದರೆ, ಅದರ ಅಪಾಯ ಏನು ಅಂತ ಮೊದಲು ಟೀಮ್ ಬಾಯಿಂದ ಕೇಳಿ.

ಉತ್ತರ, ಹುಬ್ಬಳ್ಳಿಯಿಂದ:

ಅಕ್ಕಾರ, ನಾ ಅಪ್ಪಾರ ಪರವಾಗಿ ಒಂದು ಟ್ರಯಲ್‌ಗೆ ಸಹಿ ಮಾಡಿದವ. ಎಕ್ಮೋದ್ದಲ್ಲ, ಐಸಿಯುದಾಗ ಒಂದು ಔಷಧದ್ದು. ರಾತ್ರಿ ಎರಡಕ್ಕ ಇಂಗ್ಲಿಷಿನ ಹನ್ನೊಂದು ಪುಟ ಮುಂದಿಟ್ಟು "ಇಲ್ಲಿ ಸಹಿ ಮಾಡ್ರಿ" ಅಂದ್ರು. ಮಾಡಿದೆ. ಅಪ್ಪಾರು ನಾಲ್ಕು ದಿನಕ್ಕ ಹೋದ್ರು. ಔಷಧದಿಂದಲೋ, ರೋಗದಿಂದಲೋ ಅಂತ ಎರಡು ವರ್ಷ ನಿದ್ದಿ ಬರಲಿಲ್ಲ ನನಗ. ಆಮ್ಯಾಲೆ ಒಬ್ಬ ಡಾಕ್ಟರ ಸಾಹೇಬ್ರು ಕೂಡ್ರಿಸಿಕೊಂಡು ಕಾಗದ ಓದಿ ಹೇಳಿದ್ರು. ಅಪ್ಪಾರು ಮಾಮೂಲಿ ಚಿಕಿತ್ಸೆಯ ಗುಂಪಿನ್ಯಾಗ ಇದ್ರಂತ. ಆ ಔಷಧ ಕೊಟ್ಟೇ ಇರಲಿಲ್ಲ.

ಅದಕ್ಕ ಹೇಳ್ತೀನಿ, ಯಾರಾದ್ರೂ ಟ್ರಯಲ್ ಅಂದ್ರ ಕನ್ನಡದಾಗ ಮಾಹಿತಿ ಪತ್ರ ಕೇಳ್ರಿ. ತಿಳಿಯೋ ಭಾಷಾದಾಗ ಕೊಡಬೇಕು ಅಂತ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದಾಗ ಅದ. ಎರಡೂ ಗುಂಪಿಗೆ ಏನೇನು ಕೊಡ್ತಾರ ಕೇಳ್ರಿ. ಒಲ್ಲೆ ಅಂದ್ರ ಇರೋ ಚಿಕಿತ್ಸೆ ನಿಲ್ಲಂಗಿಲ್ಲ, ನಡುವ ಹೊರಗ ಬರಬಹುದು. ಟ್ರಯಲ್‌ನಿಂದಲೇ ತ್ರಾಸಾದ್ರ ಅದರ ಚಿಕಿತ್ಸೆ, ಪರಿಹಾರ ಅವರ ಹೊಣಿ. ರೋಗಿಗಳ ಹಕ್ಕು ಕಾಯೋ ಎಥಿಕ್ಸ್ ಕಮಿಟಿ ಫೋನ್ ನಂಬರ್ ಕಾಗದದಾಗ ಅದನೋ ಇಲ್ಲೋ ನೋಡ್ರಿ. ನಾ ಇದ್ಯಾವುದೂ ಕೇಳಲಿಲ್ಲ.

ಉತ್ತರ, ಮಂಗಳೂರಿನಿಂದ:

ಹುಡುಕುವ ಜಾಗ ಸಿಟಿಆರ್‌ಐ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ, ದೇಶದ ಟ್ರಯಲ್‌ಗಳ ಆನ್‌ಲೈನ್ ನೋಂದಣಿ. 2007ರಲ್ಲಿ ಶುರುವಾಯಿತು, 2009ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಎಕ್ಮೋ ಅಂತ ಹಾಕಿದರೆ ಪಟ್ಟಿ ಬರುತ್ತದೆ. ಈಗಲೂ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರಾ, ಯಾರನ್ನು ಸೇರಿಸುವುದಿಲ್ಲ, ಈ ಎರಡು ಸಾಲು ಮೊದಲು ನೋಡಿ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ರಾತ್ರಿ ಕಳೆಯಬೇಡಿ.

ಇನ್ನೊಂದು ಮಾತು. ಹೀಗೆ ಕೇಳಿದ ಕೂಡಲೇ "ಹೊಸ ಚಿಕಿತ್ಸೆ ಇದೆ, ಇಷ್ಟು ಲಕ್ಷ ಕಟ್ಟಿ" ಅಂತ ಫೋನ್ ಮಾಡುವವರು ಇರುತ್ತಾರೆ. ಸಂಶೋಧನೆಗೆಂದೇ ಮಾಡುವ ಪರೀಕ್ಷೆ, ಔಷಧಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ದುಡ್ಡು ಕೇಳಿದರೆ ನೋಂದಣಿ ಸಂಖ್ಯೆ ಕೇಳಿ. ನನ್ನ ಚಿಕ್ಕಮ್ಮನ ಮನೆಯವರು ಹಾಗೆ ಮೂರು ಲಕ್ಷ ಕಳೆದುಕೊಂಡರು.

ಮತ್ತೆ ಶಿವಮೊಗ್ಗದಿಂದ, ಎರಡು ದಿನದ ನಂತರ:

ಎಲ್ಲರಿಗೂ ಕೈ ಮುಗಿತೀನಿ. ಸಿಟಿಆರ್‌ಐ ನೋಡಿದೆ, ಅಣ್ಣನಿಗೆ ಹೊಂದೋದು ಕಾಣಲಿಲ್ಲ. ಬಾವನಿಗೂ ತೋರಿಸಿದೆ, ಸುಮ್ಮನಾದರು. ಮೂಗಿನ ರಕ್ತ ನಿಂತಿದೆ, ಕುತ್ತಿಗೆಯಲ್ಲಿ ಸ್ವಲ್ಪ ಇದೆ. ಆಕ್ಸಿಜನೇಟರ್ ಒಂದು ಸಲ ಬದಲಾಯಿಸಿದರು. ನೋಟ್‌ಬುಕ್‌ನಲ್ಲಿ ಬರೆದದ್ದು ತೋರಿಸಿ "ಹೆಪಾರಿನ್ ಮತ್ತೆ ಯಾವಾಗ?" ಅಂತ ಕೇಳಿದೆ, ಡಾಕ್ಟರು ಹತ್ತು ನಿಮಿಷ ಕೂತು ಹೇಳಿದರು. ಹೆಸರು ತೆಗೆದು ಅಣ್ಣನ ಕೇಸಿನ ವಿವರವನ್ನು ಅಧ್ಯಯನಕ್ಕೆ ಬಳಸಬಹುದಾ ಅಂತ ಅವರೇ ಕೇಳಿದರು. ಮಾಹಿತಿ ಪತ್ರ ಕನ್ನಡದಲ್ಲಿ ಕೊಡಿ ಅಂದೆ, ಕೊಟ್ಟರು. ಅತ್ತಿಗೆ ಪೂರ್ತಿ ಓದಿ, ಬಾಯಿಬಿಟ್ಟು "ಕೊಡೋಣ" ಅಂದರು. ಆರು ದಿನದಲ್ಲಿ ಅವರ ಮೊದಲ ಮಾತು.

ಮೈಸೂರಿನ ಅಕ್ಕ, ಅಣ್ಣನ ಬಲಗಾಲಿನ ಪಾದ ಜೋತುಬಿದ್ದ ಹಾಗೆ ಕಾಣುತ್ತೆ. ನಿಮ್ಮ ಯಜಮಾನರಿಗೂ ಹೀಗೆ ಆಗಿತ್ತಾ? ಪೈಪ್ ಇರೋವಾಗಲೇ ಫಿಸಿಯೋ ಮಾಡಿಸಿದ್ರಾ?