ಯಕ್ಷಗಾನದ ಪದಬಂಧ: ಬಿಡಿಸಿದ್ದಾಯಿತು, ಬಿಡಿಸಿ ಹೇಳುವುದು ಹೇಗೆ?

ಕೇಳಿದವರು, ಕಾಸರಗೋಡಿನ ಬದಿಯಡ್ಕ ಕಡೆಯಿಂದ:

ನಾನು ಇಲ್ಲೇ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಏಳನೇ ತರಗತಿಯ ಕರಿಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಪದಬಂಧ ಬರೆಯುತ್ತೇನೆ. ದಿನಕ್ಕೊಂದು ವಿಷಯ: ಒಂದು ದಿನ ಅಡುಗೆಮನೆ, ಒಂದು ದಿನ ಮಳೆಗಾಲ. ಮೊನ್ನೆ ಗುರುವಾರ ಯಕ್ಷಗಾನ. ಮಕ್ಕಳು ಜಗಳ ಮಾಡಿಕೊಂಡು ತುಂಬುತ್ತಾರೆ, ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ಇರುವುದು ಮರುದಿನ. ಸರಿಯುತ್ತರ ಬರೆದರೆ ‘ಓ’ ಅನ್ನುತ್ತಾರೆ, ಡಸ್ಟರ್ ಎತ್ತಿ ಒರೆಸುತ್ತಾರೆ, ಮುಗಿಯಿತು. ಯಾಕೆ ಅದೇ ಉತ್ತರ ಅಂತ ಹೇಳಲು ಹೊರಟರೆ ಎಲ್ಲಿಂದ ಶುರು ಮಾಡುವುದೆಂದು ನನಗೇ ಗೊತ್ತಾಗುವುದಿಲ್ಲ. ಮನೆಮಾತೂ ಒಂದಲ್ಲ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ ಎಲ್ಲ ಒಂದೇ ಕ್ಲಾಸಿನಲ್ಲಿವೆ.

ಗುರುವಾರದ ಕೆಲವು ಸುಳಿವು ಹೀಗಿದ್ದವು. ಆಟ ನಡೆಯುವ ಜಾಗ (4). ಆಡಿದರೆ ಕಥೆ, ಬಂದರೆ ಸಂದರ್ಭ (3). ಊರೂರು ತಿರುಗುವ ತಂಡ (2). ತಿರುಗಿದ ಸರದಲ್ಲಿ ಒಂಬತ್ತು ಬಗೆ (2). ಹೆಗಲಿಗೆ ನೇತಾಡಿ ಪೆಟ್ಟು ತಿನ್ನುತ್ತದೆ (2). ಕುಂಬಳೆ ಸೀಮೆಯ ಪ್ರಸಂಗ ಕವಿ (4). ಕೃಷ್ಣನ ಕೈಯ ಕೋಲು, ಕೊಳಲಲ್ಲ (4).

ದಿನವೂ ಪದಬಂಧ ಬಿಡಿಸುವವರು, ಮಕ್ಕಳಿಗೆ ಹೇಳಿಕೊಟ್ಟವರು ಇದ್ದರೆ ನಿಮ್ಮ ಅನುಭವ ಬರೆಯಿರಿ.

ಮಂಜೇಶ್ವರದಿಂದ:

ಟೀಚರೇ, ನಾನು ಅಂಚೆ ಕಚೇರಿಯಲ್ಲಿದ್ದು ನಿವೃತ್ತನಾದವ. ಅ.ನಾ. ಪ್ರಹ್ಲಾದರಾವ್ ಅವರ ಪದಬಂಧ ತುಂಬಿಸಿ ತುಂಬಿಸಿ ಪೆನ್ಸಿಲ್ ಸವೆಸಿದವರಲ್ಲಿ ನಾನೂ ಒಬ್ಬ. ಮನೆಯಲ್ಲಿ ಆ ಪುಟವನ್ನು ನನಗಿಂತ ಮೊದಲು ಯಾರೂ ಮುಟ್ಟುವ ಹಾಗಿಲ್ಲ. ಮೊಮ್ಮಗಳಿಗೆ ಕಲಿಸಲು ಹೋಗಿ ನಿಮ್ಮ ಹಾಗೇ ಸೋತಿದ್ದೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನನ್ನ ತಪ್ಪು ಏನಿತ್ತೆಂದರೆ, ‘ಎಡದಿಂದ ಬಲಕ್ಕೆ’ ಒಂದರಿಂದ ಶುರು ಮಾಡಿ ನಂಬರ್ ಪ್ರಕಾರ ಉತ್ತರ ಓದುತ್ತಿದ್ದೆ. ಆ ಕ್ರಮದಲ್ಲಿ ಯಾರೂ ಬಿಡಿಸುವುದಿಲ್ಲ. ಯಾವ ಪದ ಮೊದಲು ಹೊಳೆಯಿತು, ಅದರ ಯಾವ ಅಕ್ಷರ ಹಿಡಿದು ಮುಂದಿನದು ಬಂತು, ಎಲ್ಲಿ ಮುಗ್ಗರಿಸಿದೆವು, ಆ ದಾರಿಯಲ್ಲೇ ಹೇಳಬೇಕು. ಮುಖ್ಯವಾಗಿ ತಪ್ಪಿದ ಉತ್ತರವನ್ನೂ ಹಲಗೆಯ ಮೇಲೆ ಬರೆಯಬೇಕು, ಅದು ಯಾಕೆ ಸತ್ತಿತು ಅಂತ ತೋರಿಸಬೇಕು.

ನಿಮ್ಮದನ್ನೇ ತೆಗೆದುಕೊಳ್ಳಿ. ‘ಆಟ ನಡೆಯುವ ಜಾಗ’ ಅಂದ ಕೂಡಲೇ ನಾನು ರಂಗಮಂಚ ಬರೆದೆ. ರಂ-ಗ-ಮಂ-ಚ, ನಾಲ್ಕು ಚೌಕ ಸರಿಯಾಯಿತು. ಮೇಲಿನಿಂದ ಇಳಿಯುವ ‘ಪ್ರಸಂಗ’ದ ಗ ಎರಡನೇ ಚೌಕದಲ್ಲಿ ಬಂದು ಕೂತಿತು. ನೋಡಿ, ಅಡ್ಡಪದವೂ ಒಪ್ಪಿಕೊಂಡಿತು! ಆದರೆ ಊರೂರು ತಿರುಗುವ ತಂಡ ಮೇಳವೇ, ಬೇರೆ ಇಲ್ಲ. ಅದರ ಳ ಬಂದು ನನ್ನ ಚ ಮೇಲೆ ಕೂತಾಗ ರಂಗಮಂಚ ಬಿತ್ತು, ರಂಗಸ್ಥಳ ಎದ್ದಿತು. ಗ ಎರಡಕ್ಕೂ ಹೊಂದುತ್ತಿತ್ತು, ತೀರ್ಪು ಕೊಟ್ಟದ್ದು ಳ. ಇಷ್ಟನ್ನು ಸುಣ್ಣದಕಡ್ಡಿಯಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು ತೋರಿಸಿದರೆ ಯಾವ ಮಗು ಡಸ್ಟರ್ ಎತ್ತುತ್ತದೆ?

ಇನ್ನೊಂದು ವಿಷಯ ಅಕ್ಷರ ಲೆಕ್ಕ. ಇಂಗ್ಲಿಷಿನ ಹಾಗೆ ನಮ್ಮದರಲ್ಲಿ ಬಿಡಿಬಿಡಿ ವರ್ಣಕ್ಕೆ ಚೌಕವಿಲ್ಲ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಚೌಕ. ‘ಸ್ತ್ರೀ’ಗೂ ಒಂದೇ. ಆದರೆ ‘ಬಸ್’ಗೆ ಎರಡು, ಕೊನೆಯ ಸ್ ತಾನೇ ಒಂದು ಚೌಕ ಹಿಡಿಯುತ್ತದೆ. ನಿಮ್ಮ ಕುಂಬಳೆ ಸೀಮೆಯ ಕವಿ ಪಾರ್ತಿಸುಬ್ಬನಲ್ಲಿ ಮಕ್ಕಳು ಖಂಡಿತ ಎಡವಿರುತ್ತಾರೆ. ಅರ್ಕಾವೊತ್ತು ಬರೆಯುವುದು ತ ಆದ ಮೇಲೆ, ಬಾಯಲ್ಲಿ ಬರುವುದು ಅದಕ್ಕೂ ಮುಂಚೆ. ಪಾ-ರ್ತಿ-ಸು-ಬ್ಬ, ನಾಲ್ಕೇ. ಬೆರಳು ಮಡಚಿ ಎಣಿಸಲು ಹೇಳಿ. ನನ್ನ ಮೊಮ್ಮಗಳು ಈಗಲೂ ಹಾಗೇ ಎಣಿಸುತ್ತಾಳೆ, ನಾನೂ ಕೆಲವೊಮ್ಮೆ.

ಕುಂಬಳೆಯಿಂದ:

ನನ್ನದು ಜೀನಸು ಅಂಗಡಿ. ಗಿರಾಕಿ ಇಲ್ಲದಾಗ ಪದಬಂಧವೇ ಜೊತೆ. ನನ್ನದು ಒಂದೇ ಸಲಹೆ: ಒಂದು ಪದ ನೀವೇ ತುಂಬಿ ಕೊಟ್ಟುಬಿಡಿ. ಬರಿದೇ ಚೌಕ ನೋಡಿದರೆ ಹಿಂದಿನ ಬೆಂಚಿನವರು ಪೆನ್ಸಿಲೇ ಎತ್ತುವುದಿಲ್ಲ. ಇದು ನಾಚಿಕೆಯ ವಿಷಯವಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲ ಪದಬಂಧ ಕೊಟ್ಟಾಗ, ಇಸ್ಪೀಟಿನ ಡೈಮಂಡ್ ಹಾಗಿದ್ದ ಆ ಚಿತ್ರದ ತುದಿಯಲ್ಲಿ ‘ಫನ್’ ಅಂತ ಅವರೇ ಬರೆದಿಟ್ಟಿದ್ದರು. ಅಷ್ಟು ದೊಡ್ಡವರೇ ಕೊಟ್ಟಿದ್ದಾರೆ, ನಮ್ಮ ಟೀಚರ್ ಒಂದು ‘ಮೇಳ’ ಕೊಟ್ಟರೆ ಎಂತ ಹೋಗುತ್ತದೆ?

ಪಾರ್ತಿಸುಬ್ಬ ನಮ್ಮ ಊರಿನವರು, ಸುಳಿವಿನಲ್ಲಿ ಹಾಕಿದ್ದು ಬಹಳ ಖುಷಿ.

ಮುಳ್ಳೇರಿಯದಿಂದ:

ನಾನು ಹವ್ಯಾಸಿ ಸಂಘದಲ್ಲಿ ಚೆಂಡೆ ಬಾರಿಸುವವ. ಪದಬಂಧ ನನ್ನ ಹೆಂಡತಿಯ ಹುಚ್ಚು. ‘ತಿರುಗಿದ ಸರದಲ್ಲಿ ಒಂಬತ್ತು ಬಗೆ’ ಓದಿ ನಾನು ವೇಷದ ಸರ, ತೋಳಿನ ಆಭರಣ ಅಂತ ಏನೇನೋ ಹೇಳಿದೆ. ಅವಳು ನಗಾಡಿ ಹೇಳಿದಳು, ‘ಸರವನ್ನು ತಿರುಗಿಸಿ ಓದಿ’ ಅಂತ. ರಸ. ಒಂಬತ್ತು ಬಗೆ ಅಂದರೆ ನವರಸ. ಎಷ್ಟು ವರ್ಷ ಹಿಮ್ಮೇಳದಲ್ಲಿ ಕೂತು, ನಿಂತು ಮಾಡಿ ಏನು ಪ್ರಯೋಜನ!

ಅವಳು ಹೇಳುವುದು ಇಷ್ಟು. ಇಂಥ ಸುಳಿವಿನಲ್ಲಿ ಎರಡು ತುಂಡು ಇರುತ್ತದೆ. ಒಂದು ತುಂಡು ಅರ್ಥ ಹೇಳುತ್ತದೆ, ಇನ್ನೊಂದು ಏನು ಮಾಡಬೇಕೆಂದು ಹೇಳುತ್ತದೆ. ಮಕ್ಕಳಿಗೆ ಉತ್ತರ ಹೇಳುವ ಮೊದಲು ಆ ಎರಡರ ನಡುವೆ ಒಂದು ಗೆರೆ ಎಳೆಯಲು ಹೇಳಿ. ತಿರುಗಿದ, ಒಡೆದ, ತಲೆ ಕಳೆದುಕೊಂಡ, ಬಾಲ ಬಿಟ್ಟ, ಇವೆಲ್ಲ ಹೆಚ್ಚಾಗಿ ಕೆಲಸದ ತುಂಡು.

ಮತ್ತೆ ಆ ಕೃಷ್ಣನ ಕೋಲು. ಯಕ್ಷಗಾನ ಅಂತ ಮೇಲೆ ಬರೆದದ್ದೇ ನನ್ನನ್ನು ಹಾಳು ಮಾಡಿತು. ಕೃಷ್ಣನ ವೇಷದಲ್ಲಿ ಯಾವ ಕೋಲು ಅಂತ ಯೋಚಿಸುತ್ತ ಕೂತೆ. ಕೊನೆಗೆ ಉಡುಪಿಯ ಕೃಷ್ಣನ ಬಲಗೈ ನೆನಪಾಯಿತು: ಕಡೆಗೋಲು. ವಿಷಯ ಕೊಟ್ಟ ಪದಬಂಧದಲ್ಲಿ ಎಲ್ಲ ಪದವೂ ಆ ವಿಷಯದ್ದೇ ಆಗಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನನ್ನ ಗತಿ.

ಕೇಳಿದವರು, ಎರಡು ದಿನ ಬಿಟ್ಟು:

ಎಲ್ಲರಿಗೂ ಧನ್ಯವಾದ. ಆ ಕಡೆಗೋಲಿನಿಂದಲೇ ನನಗೆ ಒಂದು ಪೇಚಾಟವಾಯಿತು. ಒಬ್ಬ ಹುಡುಗನ ಮನೆಮಾತು ಮಲಯಾಳ. ಹೆಗಲಿಗೆ ನೇತಾಡುವ ಸುಳಿವಿಗೆ ಅವನು ‘ಚೆಂಡ’ ಅಂತ ಬರೆದಿದ್ದ. ತಪ್ಪು, ನಮ್ಮಲ್ಲಿ ಚೆಂಡೆ, ಅಂದೆ. ‘ಟೀಚರ್, ಅಡ್ಡ ಸರಿಯಾಗಿದೆಯಲ್ಲಾ’ ಅಂದ. ನೋಡಿದರೆ ಕಡೆಗೋಲು ಇರಬೇಕಾದಲ್ಲಿ ಕಡಗೋಲು ಬರೆದಿದ್ದಾನೆ. ಕಡಗೋಲು ಕೂಡ ಕನ್ನಡವೇ! ಅವನ ಚೌಕದಲ್ಲಿ ಎಲ್ಲೂ ಜಗಳವಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಹೇಗೆ ಬಿಡಿಸಿ ಹೇಳುವುದು?

ಮಂಜೇಶ್ವರದಿಂದ:

ಅವನಿಗೆ ಪೂರ್ತಿ ಅಂಕ ಕೊಡಿ, ಟೀಚರೇ. ತಪ್ಪು ಅವನದಲ್ಲ, ಪದಬಂಧ ಮಾಡಿದವರದು. ಎರಡು ರೂಪ ಇರುವ ಪದವನ್ನು ಅಡ್ಡ ಇಟ್ಟು, ಅದೇ ಅಕ್ಷರದ ಮೇಲೆ ಇನ್ನೊಂದು ಸಂಶಯದ ಪದ ಇಳಿಸಿದ್ದೀರಿ. ಸುಳಿವಿನಲ್ಲಿ ‘ತೆಂಕುತಿಟ್ಟಿನಲ್ಲಿ’ (ಯಕ್ಷಗಾನದ ತೆಂಕಣ ಶೈಲಿಯಲ್ಲಿ) ಅಂತ ಒಂದು ಮಾತು ಸೇರಿಸಿದ್ದರೆ ಚೆಂಡೆ ಗಟ್ಟಿಯಾಗುತ್ತಿತ್ತು. ಇಲ್ಲವೇ ಆ ಡೆ ಮೇಲೆ ಕಡೆಗೋಲಿನ ಬದಲು ‘ಕಡೆಗಣ್ಣು’ ಇಡಿ, ಅದನ್ನು ಯಾರೂ ಕಡಗಣ್ಣು ಅನ್ನುವುದಿಲ್ಲ.

ನಮ್ಮ ಊರಿನಲ್ಲಿ ಪದಬಂಧ ಮಾಡುವಾಗ ಈ ಕಷ್ಟ ಇದ್ದದ್ದೇ. ಒಂದು ಸಲ ‘ಹಲಸಿನ ನೆಂಟ’ ಅಂತ ಕೊಟ್ಟು ದೀವಿಹಲಸು ಬರಲಿ ಅಂತ ಕಾದೆ. ಬಂದದ್ದು ಜೀಗುಜ್ಜೆ, ಅದಕ್ಕೇ ನಮ್ಮ ಕಡೆಯ ಹೆಸರು. ಚೌಕ ಐದು, ಅಕ್ಷರ ಮೂರು, ಆದರೂ ಬಿಡಲಿಲ್ಲ, ನನ್ನ ಲೆಕ್ಕವೇ ತಪ್ಪು ಅಂತ ವಾದ.

ಕೇಳಿದವರು:

ಕಡೆಗಣ್ಣು ಹಾಕಿದೆ. ಹುಡುಗನನ್ನೇ ಹಲಗೆಯ ಹತ್ತಿರ ನಿಲ್ಲಿಸಿ ಎರಡೂ ಉತ್ತರ ಬರೆಸಿದೆ. ಚೆಂಡ, ಚೆಂಡೆ ಅಂತ ಎರಡು ಕಡೆ ಬರೆದು, ಯಾವ ಅಡ್ಡಪದಕ್ಕೆ ಯಾವುದು ಅಂತ ಅವನೇ ವಿವರಿಸಿದ. ಕಾಲು ಗಂಟೆ ಹಿಡಿಯಿತು, ಗಣಿತದ ಪೀರಿಯಡ್‌ಗೆ ಮಾಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದರು. ನಂತರ ಅವನೊಂದು ಸುಳಿವು ಮಾಡಿ ತಂದಿದ್ದಾನೆ, ನಿಮಗೆ ಕೊಡುತ್ತೇನೆ:

ವೇಷ ಕಟ್ಟುವಲ್ಲಿ ಪೊಲೀಸರು, ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸೂ ನಿಲ್ಲುತ್ತದೆ (2).

ಕುಂಬಳೆಯಿಂದ:

ಚೌಕಿ! ಮೂರೂ ಕಡೆ ಚೌಕಿಯೇ, ಬಸ್ ನಿಲ್ಲುವ ಆ ಊರಿನ ಹೆಸರೂ ಅದೇ. ಅವನಿಗೆ ನನ್ನ ಅಂಗಡಿಯಿಂದ ಒಂದು ಪೆನ್ಸಿಲ್ ಬಾಕ್ಸ್ ಉಂಟು, ಯಾರಾದರೂ ಈ ಕಡೆ ಬಂದಾಗ ಕೊಂಡುಹೋಗಿ.