ಡೆಸ್ಕ್‌ಟಾಪ್‌ನ ಎಲ್ಲ ಐಕಾನ್‌ಗಳೂ ಪಿಡಿಎಫ್ ತಂತ್ರಾಂಶದಲ್ಲಿಯೇ ತೆರೆದುಕೊಳ್ಳುತ್ತಿವೆ: ಫಾರ್ಮ್ಯಾಟ್ ಅನಿವಾರ್ಯವೇ?

ನವನಗರ ಡಿಟಿಪಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳ ವಿನ್ಯಾಸಕ್ಕಾಗಿ ನಮ್ಮ ಅಂಗಡಿಯಲ್ಲಿ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್ ಒಂದನ್ನು ಬಳಸುತ್ತಿದ್ದೇವೆ. ಪೇಜ್‌ಮೇಕರ್ ಮತ್ತು ನುಡಿ ಅದರಲ್ಲಿ ತಕರಾರಿಲ್ಲದೆ ನಡೆಯುತ್ತವೆ ಎಂಬ ಕಾರಣಕ್ಕೆ ಅದನ್ನು ಬದಲಿಸಿಲ್ಲ. ನಿನ್ನೆ ಸಂಜೆಯಿಂದ ಡೆಸ್ಕ್‌ಟಾಪ್‌ನ ಐಕಾನ್‌ಗಳೆಲ್ಲ ಪಿಡಿಎಫ್ ಓದುವ ತಂತ್ರಾಂಶದ ಚಿತ್ರವನ್ನೇ ತೋರಿಸುತ್ತಿವೆ. ಪೇಜ್‌ಮೇಕರ್ ಒತ್ತಿದರೂ ಕೋರಲ್‌ಡ್ರಾ ಒತ್ತಿದರೂ ಅದೇ ತಂತ್ರಾಂಶ ತೆರೆದು, ಈ ಬಗೆಯ ಫೈಲಿಗೆ ಬೆಂಬಲವಿಲ್ಲ ಅಥವಾ ಫೈಲ್ ಹಾಳಾಗಿದೆ ಎಂಬ ಸಂದೇಶ ಕೊಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿಯೂ ಹೀಗೆಯೇ ಆಗುತ್ತಿದೆ. ಆದರೆ ‘ಕಂಪ್ಯೂಟರ್’ ಮತ್ತು ‘ರಿಸೈಕಲ್ ಬಿನ್’ ಮಾತ್ರ ಎಂದಿನಂತೆ ತೆರೆಯುತ್ತವೆ. ದುರಸ್ತಿಗೆ ಬಂದವರು ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಾರೆ. ಹಳೆಯ ಗಿರಾಕಿಗಳ ಕೆಲಸವೂ ಫಾಂಟ್‌ಗಳೂ ಅದರಲ್ಲಿಯೇ ಇರುವುದರಿಂದ ನನಗೆ ಧೈರ್ಯ ಸಾಲುತ್ತಿಲ್ಲ. ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿರಿ.

ಶಹಾಪುರದವ, ಬೆಳಗಾವಿ

ಫಾರ್ಮ್ಯಾಟ್ ಮಾಡಿಸಬೇಡಿರಿ ಸರ್. ‘ಕಂಪ್ಯೂಟರ್’ ಮತ್ತು ‘ರಿಸೈಕಲ್ ಬಿನ್’ ತೆರೆಯುತ್ತವೆ ಎಂದು ತಾವು ಬರೆದದ್ದರಲ್ಲಿಯೇ ಕಾರಣ ಸಿಕ್ಕಿತು. ಅವೆರಡೂ ವಿಂಡೋಸ್ ತಾನೇ ಒದಗಿಸುವ ಐಕಾನ್‌ಗಳು. ಉಳಿದವೆಲ್ಲ ಶಾರ್ಟ್‌ಕಟ್‌ಗಳು, ಅಂದರೆ ಮೂಲ ತಂತ್ರಾಂಶ ಯಾವ ಫೋಲ್ಡರಿನಲ್ಲಿದೆ ಎಂಬುದನ್ನಷ್ಟೇ ಹೇಳುವ, ಹೆಸರಿನ ಕೊನೆಗೆ .ಎಲ್‌ಎನ್‌ಕೆ ಎಂದಿರುವ ಚಿಕ್ಕ ಫೈಲ್‌ಗಳು. ಯಾರೋ ಒಂದು ಶಾರ್ಟ್‌ಕಟ್ಟಿನ ಮೇಲೆ ‘ಓಪನ್ ವಿತ್’ ಬಳಸಿ ಪಿಡಿಎಫ್ ತಂತ್ರಾಂಶವನ್ನು ಆರಿಸಿದಾಗ, ಯಾವಾಗಲೂ ಇದರಲ್ಲಿಯೇ ತೆರೆಯಬೇಕು ಎಂಬ ಚೌಕದ ಗುರುತು ಹಾಗೆಯೇ ಉಳಿದಿದ್ದರೆ, ಆ ಬಗೆಯ ಫೈಲ್‌ಗಳೆಲ್ಲ ಅದಕ್ಕೇ ಜೋಡಣೆಯಾಗುತ್ತವೆ. ತಮ್ಮ ಪೇಜ್‌ಮೇಕರ್ ಆಗಲಿ ಗಿರಾಕಿಗಳ ಫೈಲ್‌ಗಳಾಗಲಿ ಹಾಳಾಗಿಲ್ಲ. ಶಾರ್ಟ್‌ಕಟ್ಟನ್ನು ಓದಲು ಕೊಟ್ಟರೆ ಪಿಡಿಎಫ್ ತಂತ್ರಾಂಶ ಬೇರೇನು ತಾನೇ ಹೇಳೀತು?

ಮೊದಲು ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿರಿ. ಅದು ತೆರೆದರೆ .ಇಎಕ್ಸ್‌ಇ, ಅಂದರೆ ತಂತ್ರಾಂಶವನ್ನು ನಡೆಸುವ ಮೂಲ ಫೈಲ್‌ಗಳ, ಜೋಡಣೆ ಸರಿಯಿದೆ, ಕೆಟ್ಟಿರುವುದು ಶಾರ್ಟ್‌ಕಟ್ಟುಗಳದ್ದು ಮಾತ್ರ ಎಂದು ಖಚಿತವಾಗುತ್ತದೆ. ಬಳಿಕ ಅದೇ ಪೆಟ್ಟಿಗೆಯಲ್ಲಿ ರೆಜ್‌ಎಡಿಟ್ ಎಂದು ಬರೆದು ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆ. ಎಡಗಡೆಯಲ್ಲಿ ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್‌ಟ್ಸ್ ಎಂದು ಒಂದರೊಳಗೊಂದನ್ನು ಬಿಡಿಸುತ್ತ ಹೋದರೆ .ಎಲ್‌ಎನ್‌ಕೆ ಸಿಗುತ್ತದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬಳಸಿ ಅದರ ಪ್ರತಿಯೊಂದನ್ನು ತೆಗೆದಿಟ್ಟು, ಅದರೊಳಗಿನ ಯೂಸರ್‌ಚಾಯ್ಸ್ ಎಂಬ ಕೀಯನ್ನು (ನಮೂದನ್ನು) ಮಾತ್ರ ಅಳಿಸಿರಿ. ಲಾಗ್ ಆಫ್ ಮಾಡಿ ಮತ್ತೆ ಒಳಬಂದರೆ ಸಾಕು. ರಿಜಿಸ್ಟ್ರಿಯನ್ನು ತಾನೇ ಸ್ವಚ್ಛಗೊಳಿಸುತ್ತೇನೆ ಎನ್ನುವ ಪುಕ್ಕಟೆ ತಂತ್ರಾಂಶಗಳನ್ನು ಇದಕ್ಕಾಗಿ ಹಾಕಿಕೊಳ್ಳಬೇಡಿರಿ. ಒಂದು ಕೀಯನ್ನು ಅಳಿಸುವ ಕೆಲಸಕ್ಕೆ ಅವುಗಳ ಅಗತ್ಯವಿಲ್ಲ.

ಜೊತೆಗೆ ಇನ್ನೊಂದು ಮಾತು: ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ 7ರ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿ 14ಕ್ಕೆ ನಿಂತಿವೆ. ಆ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡದಿರುವುದೇ ಒಳ್ಳೆಯದು.

ನವನಗರ ಡಿಟಿಪಿ, ಬಾಗಲಕೋಟೆ

ಐಕಾನ್‌ಗಳೆಲ್ಲ ಮರಳಿ ಬಂದವು, ತಮಗೆ ಅನಂತ ಧನ್ಯವಾದಗಳು. ಆದರೆ ಮೊದಲಿನಿಂದಲೂ ಇದ್ದ ಇನ್ನೊಂದು ತೊಂದರೆ ಹಾಗೆಯೇ ಇದೆ. ನಮ್ಮಲ್ಲಿ ಕೋರಲ್‌ಡ್ರಾ 12 ಮತ್ತು ಎಕ್ಸ್5 ಎರಡೂ ಇವೆ. ಎಕ್ಸ್5ರಲ್ಲಿ ಮಾಡಿದ .ಸಿಡಿಆರ್ ಫೈಲನ್ನು ಎರಡು ಸಲ ಒತ್ತಿದರೆ ಅದು 12ಕ್ಕೆ ಹೋಗುತ್ತದೆ, 12 ಅದನ್ನು ತೆರೆಯಲು ಒಪ್ಪುವುದಿಲ್ಲ. ‘ಓಪನ್ ವಿತ್’ನಲ್ಲಿ ಬ್ರೌಸ್ ಮಾಡಿ ಎಕ್ಸ್5 ಅನ್ನು ತೋರಿಸಿದರೂ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ.

ಗಾಂಧಿ ಚೌಕ, ವಿಜಯಪುರ

ಹಳೆಯ ಆವೃತ್ತಿ ಹೊಸದರ ಫೈಲನ್ನು ತೆರೆಯದಿರುವುದು ಸಹಜ. ಅದಕ್ಕೂ ಜೋಡಣೆಗೂ ಸಂಬಂಧವಿಲ್ಲ. ಜೋಡಣೆ ನಿಲ್ಲದಿರುವುದಕ್ಕೆ ಕಾರಣವೆಂದರೆ, ‘ಓಪನ್ ವಿತ್’ ಪಟ್ಟಿಯು ತಂತ್ರಾಂಶವನ್ನು ಅದರ .ಇಎಕ್ಸ್‌ಇ ಹೆಸರಿನಿಂದ ಗುರುತಿಸುತ್ತದೆಯೇ ಹೊರತು ಅದು ಇರುವ ಫೋಲ್ಡರಿನಿಂದಲ್ಲ. ಎರಡೂ ಆವೃತ್ತಿಗಳಲ್ಲಿ ಆ ಫೈಲಿನ ಹೆಸರು ಒಂದೇ ಆಗಿರುವುದರಿಂದ, ಎರಡನೆಯದನ್ನು ತೋರಿಸಿದಾಗ ವಿಂಡೋಸ್ ಇದು ನನ್ನಲ್ಲಿ ಮೊದಲೇ ಇದೆ ಎಂದು ತಿಳಿದು ಹಳೆಯ ಮಾರ್ಗವನ್ನೇ ಇಟ್ಟುಕೊಳ್ಳುತ್ತದೆ.

ರಿಜಿಸ್ಟ್ರಿಯ ಎಚ್‌ಕೀ ಕ್ಲಾಸಸ್ ರೂಟ್ ಒಳಗೆ ಅಪ್ಲಿಕೇಷನ್ಸ್ ಎಂಬಲ್ಲಿ ಕೋರಲ್‌ಡ್ರಾದ .ಇಎಕ್ಸ್‌ಇ ಹೆಸರನ್ನು ಹುಡುಕಿ, ಅದರೊಳಗಿನ ಶೆಲ್, ಓಪನ್, ಕಮಾಂಡ್‌ವರೆಗೆ ಹೋಗಿ ನೋಡಿರಿ. ಅಲ್ಲಿ 12ರ ಮಾರ್ಗವಿದ್ದರೆ ಅದನ್ನು ಎಕ್ಸ್5ರ ಮಾರ್ಗಕ್ಕೆ ಬದಲಿಸಿರಿ. ಮಾರ್ಗದ ಸುತ್ತಲಿನ ಉದ್ಧರಣ ಚಿಹ್ನೆಗಳನ್ನೂ ಕೊನೆಯಲ್ಲಿರುವ %1 ಅನ್ನೂ ಮುಟ್ಟಬೇಡಿರಿ. ತಾವು ಒತ್ತಿದ ಫೈಲಿನ ಹೆಸರು ಬಂದು ಕೂಡುವ ಜಾಗ ಅದು. ಅದು ಬಿಟ್ಟುಹೋದರೆ ತಂತ್ರಾಂಶ ಬರಿಗೈಯಲ್ಲಿ ತೆರೆದುಕೊಳ್ಳುತ್ತದೆ. ಬಳಿಕ ‘ಓಪನ್ ವಿತ್’ನಿಂದ ಮತ್ತೊಮ್ಮೆ ಆರಿಸಿದರೆ ಎಕ್ಸ್5 ನಿಲ್ಲುತ್ತದೆ.

ಜಮಖಂಡಿಯ ಓದುಗ

ಈ ಎರಡೂ ಉಪಾಯಗಳು ವಿಂಡೋಸ್ 10ರಲ್ಲಿಯೂ ನಡೆಯುತ್ತವೆಯೇ?

ಶಹಾಪುರದವ, ಬೆಳಗಾವಿ

ಯೂಸರ್‌ಚಾಯ್ಸ್ ಅನ್ನು ಅಲ್ಲಿಯೂ ಅಳಿಸಬಹುದು, ಆದರೆ ಅದರಲ್ಲಿ ಹೊಸ ತಂತ್ರಾಂಶದ ಹೆಸರನ್ನು ಕೈಯಿಂದ ಬರೆದು ಪ್ರಯೋಜನವಿಲ್ಲ. ವಿಂಡೋಸ್ 8ರಿಂದೀಚೆಗೆ ಪ್ರತಿಯೊಂದು ಆಯ್ಕೆಯ ಜೊತೆಗೆ ಹ್ಯಾಶ್ ಎಂಬ ಪರಿಶೀಲನಾ ಸಂಕೇತವಿರುತ್ತದೆ. ಅದು ತಾಳೆಯಾಗದಿದ್ದರೆ ವಿಂಡೋಸ್ ಆ ಆಯ್ಕೆಯನ್ನು ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್ ಮೂಲಕ ಅಥವಾ ‘ಓಪನ್ ವಿತ್’ ಮೂಲಕವೇ ಆರಿಸಬೇಕು. ಅಪ್ಲಿಕೇಷನ್ಸ್ ಒಳಗಿನ ಮಾರ್ಗಕ್ಕೆ ಈ ಸಂಕೇತವಿಲ್ಲದ ಕಾರಣ ವಿಜಯಪುರದವರು ಹೇಳಿದ ತಿದ್ದುಪಡಿ ಅಲ್ಲಿಯೂ ನಡೆಯುತ್ತದೆ.