ಖಾಲಿ ಸೈಟಿಗೆ ಕಳೆ ಔಷಧಿ: ಹೊಡೆಯುವವರ ಬಗ್ಗೆಯೂ ಮಾತಾಡೋಣ

ಮನೆ 14: ಎಲ್ಲರಿಗೂ ನಮಸ್ಕಾರ. ಇವತ್ತು ಪಕ್ಕದ ಖಾಲಿ ಸೈಟಿಗೆ ಕಳೆ ಔಷಧಿ ಹೊಡೆದವರು ಹಿಂದಿನ ಹೊಲಗಳಲ್ಲಿ ಕೂಲಿ ಮಾಡುವವರೇ. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಬರೀ ಚಪ್ಪಲಿ. ಔಷಧಿ ಚಿಮ್ಮುವ ತುದಿ, ಅಂದರೆ ನಾಜಲ್, ಕಟ್ಟಿಕೊಂಡಾಗ ಬಿಚ್ಚಿ ಬಾಯಿಟ್ಟು ಊದಿದರು. ಬೆನ್ನಿನ ಕ್ಯಾನ್ ಸೋರಿ ಅಂಗಿಯೆಲ್ಲ ಒದ್ದೆ. ಅದೇ ಅಂಗಿಯಲ್ಲಿ ಹೊಲಕ್ಕೆ ಹೋದರು, ಅಲ್ಲೂ ಅದೇ ಕೆಲಸ. ಹೋದ ಸಲ ನಮ್ಮ ಈ ಗ್ರೂಪಿನಲ್ಲಿ ಕಿಟಕಿಗೆ ಬರುವ ಔಷಧಿ ವಾಸನೆ ಬಗ್ಗೆ ಅಷ್ಟೆಲ್ಲ ಮಾತಾಡಿದೆವು. ಹೊಡೆಯುವವರ ಬಗ್ಗೆ ಯಾರೂ ಕೇಳಲಿಲ್ಲ. ದುಡ್ಡು ಕೊಟ್ಟು ಮಾಡಿಸುವವರು ನಾವೇ ಅಲ್ವಾ?

ಮನೆ 3: ಅದು ಗ್ಲೈಫೊಸೇಟ್ ಎಂಬ ಕಳೆನಾಶಕ ಇರಬೇಕು. ಕ್ಯಾನ್ಸರ್ ಬರುತ್ತದೆ ಅಂತ ಸಾಬೀತಾಗಿದೆ. ಇವತ್ತೇ ನಿಲ್ಲಿಸಿ.

ಮನೆ 27: ಸರ್, ಸಾಬೀತಾಗಿದೆ ಅನ್ನುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2015ರಲ್ಲಿ ಗ್ಲೈಫೊಸೇಟನ್ನು 2ಎ ಗುಂಪಿಗೆ ಹಾಕಿತು. ಬಹುಶಃ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದ್ದು ಎಂಬ ಗುಂಪು ಅದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇದನ್ನು ಒಪ್ಪಿಲ್ಲ. ಐಎಆರ್‌ಸಿ ನೋಡುವುದು ವಸ್ತುವಿಗೆ ಆ ಗುಣ ಇದೆಯೇ ಅಂತ. ಎಷ್ಟು ಮೈಗೆ ತಗುಲಿದರೆ ಎಷ್ಟು ಅಪಾಯ ಅನ್ನುವುದು ಬೇರೆ ಲೆಕ್ಕ.

ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಹೊಡೆಯುವವರನ್ನು 1993ರಿಂದ ಗಮನಿಸುತ್ತಾ ಬಂದಿದ್ದಾರೆ. 54,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2018ರಲ್ಲಿ ವರದಿ ಬಂತು. ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿಗೂ ಗ್ಲೈಫೊಸೇಟಿಗೂ ಸಂಬಂಧ ಕಾಣಲಿಲ್ಲ. ಆದರೆ 2019ರಲ್ಲಿ, ಇದೂ ಸೇರಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರಿಗೆ, ಅತಿ ಹೆಚ್ಚು ತಗುಲಿಸಿಕೊಂಡವರಲ್ಲಿ ಆ ಅಪಾಯ ಶೇ 41ರಷ್ಟು ಜಾಸ್ತಿ ಕಂಡಿತು. ನೂರರಲ್ಲಿ 41 ಜನರಿಗೆ ಕಾಯಿಲೆ ಅಂತ ಅಲ್ಲ. ಮೊದಲೇ ಇರುವ ಸಣ್ಣ ಅಪಾಯ ಅಷ್ಟು ಪಾಲು ಹೆಚ್ಚುತ್ತದೆ.

ಮನೆ 3: ಹಾಗಾದರೆ ಸುಮ್ನೆ ಹೆದರುತ್ತಿದ್ದೇವಾ?

ಮನೆ 27: ಖಂಡಿತ ಇಲ್ಲ. ಆ ‘ಅತಿ ಹೆಚ್ಚು ತಗುಲಿಸಿಕೊಂಡವರು’ ಯಾರು? ಒದ್ದೆ ಅಂಗಿಯಲ್ಲಿ ದಿನವಿಡೀ ಕ್ಯಾನ್ ಹೊರುವವರೇ. ವಿಜ್ಞಾನಿಗಳ ಜಗಳ ಮುಗಿಯುವ ತನಕ ಅವರು ಯಾಕೆ ಕಾಯಬೇಕು?

ಮನೆ 9: ನಾನು ನರ್ಸ್, ಆದ್ದರಿಂದ ಎರಡು ಮಾತು. ಈ ಕೆಲಸದಲ್ಲಿ ಔಷಧಿ ಜಾಸ್ತಿ ಒಳಗೆ ಹೋಗುವುದು ಚರ್ಮದ ಮೂಲಕ. ಗಾಢ ಔಷಧಿಯನ್ನು ಬಾಟಲಿಯಿಂದ ಸುರಿದು ನೀರಿಗೆ ಕಲೆಸುವ ಹೊತ್ತೇ ದೊಡ್ಡ ಅಪಾಯ. ಬಟ್ಟೆಯ ಗ್ಲೌಸ್ ಹಾಕಿದರೆ ಅದು ಹೀರಿಕೊಂಡು ಚರ್ಮಕ್ಕೇ ಅಂಟಿಸಿಡುತ್ತದೆ. ನೈಟ್ರೈಲ್ ಎಂಬ ರಬ್ಬರಿನ ಗ್ಲೌಸ್ ಬೇಕು. ಮನೆಗೆ ಹೋದ ಕೂಡಲೇ ಸ್ನಾನ, ಆ ಬಟ್ಟೆ ಬೇರೆಯಾಗಿಯೇ ಒಗೆಯಬೇಕು. ಇಲ್ಲವಾದರೆ ಮಕ್ಕಳ ಬಟ್ಟೆಗೂ ಅಂಟುತ್ತದೆ.

ಬಾಯಿಟ್ಟು ಊದುವುದು ಓದಿ ಎದೆ ಝಲ್ಲೆಂದಿತು. ಕ್ಯಾನಿನಲ್ಲಿ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಇದ್ದರೆ ಒಂದು ಗುಟುಕು ಸಾಕು, ಜೀವ ಹೋಗಬಹುದು. ಅದಕ್ಕೆ ಪ್ರತಿವಿಷವೇ ಇಲ್ಲ. ಮೊದಲು ಬಾಟಲಿಯ ಲೇಬಲ್ ಫೋಟೊ ಹಾಕಿ. ಇನ್ನು ಆ ಲಿಂಫೋಮಾ ವಿಷಯ: ಹೊಡೆಯುವವರಿಗೆ ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಹೋಗದೇ ಇದ್ದರೆ, ರಾತ್ರಿ ಬೆವರಿ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಲು ಅವರಿಗೆ ಹೇಳಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆದರಿಸಬೇಡಿ.

ಮನೆ 18: ನಮ್ಮ ಸೈಟಿಗೆ ಬಂದವರಿಗೆ ಗ್ಲೌಸ್ ಕೊಟ್ಟಿದ್ದೆ. ಸೆಕೆ ಅಂತ ಬಿಚ್ಚಿಟ್ಟರು.

ಮನೆ 14: ಬಿಸಿಲಲ್ಲಿ ಅದನ್ನು ಹಾಕಿಕೊಂಡಿರುವುದು ನಿಜಕ್ಕೂ ಕಷ್ಟ ಅಣ್ಣ. ಖಾಲಿ ಸೈಟಿಗೆ ಔಷಧಿಯೇ ಬೇಡ. ಕಳೆ ಕೊಚ್ಚುವ ಮೆಷಿನ್ ಬಾಡಿಗೆಗೆ ತರೋಣ, ಕಲ್ಲು ಸಿಡಿಯುತ್ತದೆ, ಕನ್ನಡಕವೂ ಇರಲಿ. ಕೆಲಸ ಮಾತ್ರ ಅವರಿಗೇ ಕೊಡಬೇಕು. ನಮ್ಮ ಕಾಳಜಿಯಿಂದ ಅವರ ಕೂಲಿ ತಪ್ಪಿದರೆ ಅದು ಅನ್ಯಾಯ.

ಮನೆ 18: ಒಪ್ಪಿದೆ. ನನ್ನ ಸೈಟಿನಿಂದಲೇ ಶುರು ಮಾಡಿ. ಆದರೆ ಹೊಲದಲ್ಲಿ ಹೊಡೆಯುವುದನ್ನು ಏನು ಮಾಡುವುದು?

ಮನೆ 14: ಹೊಲದ ಯಜಮಾನರ ಹತ್ತಿರ ಹೋಗಿ ಮಾತಾಡೋಣ, ಜಗಳಕ್ಕಲ್ಲ. ಸೋರುವ ಕ್ಯಾನ್ ರಿಪೇರಿ, ಗ್ಲೌಸ್, ಬೂಟು, ಕೈ ತೊಳೆಯಲು ಸೋಪು-ನೀರು, ಗಾಳಿ ಬೀಸುವಾಗ ಹೊಡೆಯದಿರುವುದು, ಇಷ್ಟು ಕೇಳೋಣ. ಕೂಲಿಯವರೂ ಜೊತೆಗಿರಲಿ, ಅವರಿಗೇನು ಬೇಕು ಅಂತ ಅವರೇ ಹೇಳಲಿ. ಭಾನುವಾರ ಬೆಳಿಗ್ಗೆ ಯಾರು ಬರುತ್ತೀರಿ?

ಮನೆ 9: ನಾನು ಬರುತ್ತೇನೆ.

ಮನೆ 3: ನಾನೂ. ಗ್ಲೌಸಿನ ಖರ್ಚು ನನ್ನದು.